ಮೆದುಳಿನ ಗಡ್ಡೆಯೂ ಪತ್ತೇದಾರ ಪರಮಾಣುವೂ

ಮೆದುಳಿನ ಗಡ್ಡೆಯನ್ನು ಕೊಯ್ಯುವ ಶಸ್ತ್ರವೈದ್ಯನು ಒಂದು ನೂಲೆಳೆ ಆಚೆ ಸರಿದರೆ ರೋಗಿಯ ಮಾತೇ ಹೋದೀತು. ಈಚೆ ನಿಂತರೆ ಗಡ್ಡೆ ಮತ್ತೆ ಬೆಳೆದೀತು. ಅದರ ಎಲ್ಲೆಯನ್ನು ಮೊದಲೇ ಅರಿಯುವುದೆಂತು?

1953ರಲ್ಲಿ ಅಮೆರಿಕದ ಬ್ರೌನೆಲ್ ಮತ್ತು ಸ್ವೀಟ್ ಎಂಬವರು ಇದಕ್ಕೆ ಪಾಸಿಟ್ರಾನ್ ಸೂಸುವ ವಸ್ತುಗಳನ್ನು ಬಳಸುವ ವಿಧಾನವನ್ನು ಪ್ರಕಟಿಸಿದರು. ಪಾಸಿಟ್ರಾನು ಎಲೆಕ್ಟ್ರಾನಿನೊಡನೆ ಕೂಡಿ ಲಯವಾದೊಡನೆ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತವೆ. ತಲೆಯ ಎರಡು ಪಕ್ಕಗಳಲ್ಲಿಟ್ಟ ಶೋಧಕಗಳು ಏಕಕಾಲದಲ್ಲಿ ಮಿಡಿದರೆ, ಕಿರಣಗಳ ಮೂಲವು ಅವುಗಳ ನಡುವಣ ರೇಖೆಯ ಮೇಲಿರಬೇಕು.

ಇಂದು ಫ್ಲೋರೀನ್-18 ಹೊತ್ತ, ಗ್ಲೂಕೋಸಿನಂಥ ವಸ್ತುವೊಂದು ದೇಹದ ಇತರೆಡೆಯ ಅನೇಕ ಗಡ್ಡೆಗಳನ್ನು ತೋರಿಸಿಕೊಡುತ್ತದೆ. ಮೆದುಳಾದರೋ ಮಹಾ ಸಕ್ಕರೆಬಾಕ! ಅದರ ಆರೋಗ್ಯವಂತ ಭಾಗವೂ ಬೆಳಗುವುದರಿಂದ ಗಡ್ಡೆ ಮರೆಯಾಗಿಬಿಡಬಹುದು. ಆದುದರಿಂದ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅದೇ ಫ್ಲೋರೀನನ್ನು ಜೋಡಿಸಿ ರಕ್ತಕ್ಕೆ ಬಿಡುತ್ತಾರೆ. ಅನೇಕ ಗಡ್ಡೆಗಳು ಇದನ್ನು ಆತುರದಿಂದ ಸೆಳೆದುಕೊಳ್ಳುತ್ತವೆ. ನೆರೆಯ ಮೆದುಳು ಅಷ್ಟಾಗಿ ಸೆಳೆಯದು. ಚಿತ್ರದಲ್ಲಿ ಗಡ್ಡೆಯ ಅಂಚು ಮೂಡುತ್ತದೆ.