ಕಡಲ ತೈಲವೇದಿಕೆಗಳು: ವಿಂಗಡಣೆ, ಪರಿಸರ ಮತ್ತು ತೆರವಿನ ಲೆಕ್ಕ

ಸಮುದ್ರದಲ್ಲಿ ತೈಲ ಹಾಗೂ ಅನಿಲ ಎತ್ತುವ ವೇದಿಕೆಗಳನ್ನು ತಂತ್ರಜ್ಞರು ನೀರಿನ ಆಳ ಮತ್ತು ರಚನೆಯ ಆಧಾರದ ಮೇಲೆ ವಿಂಗಡಿಸುತ್ತಾರೆ. ಲೆಕ್ಕ ಪರಿಶೋಧಕನಿಗೆ ಮುಖ್ಯವಾಗುವ ಪ್ರಶ್ನೆ ಬೇರೆ: ಬಾವಿ ಬತ್ತಿದ ದಿನ ಈ ಆಸ್ತಿಯನ್ನು ಕದಲಿಸಲು ಸಾಧ್ಯವೇ?

ಕದಲಿಸಬಹುದಾದವುಗಳಲ್ಲಿ ಕಾಲೂರಿ ನಿಲ್ಲುವ ಜ್ಯಾಕ್-ಅಪ್, ಅರೆಮುಳುಗು ವೇದಿಕೆ ಮತ್ತು ಹಡಗಿನ ರೂಪದ ತೇಲುವ ಉತ್ಪಾದನಾ ಘಟಕಗಳು ಸೇರುತ್ತವೆ. 1974ರಲ್ಲಿ ಬಾಂಬೆ ಹೈನಲ್ಲಿ ತೈಲವನ್ನು ಪತ್ತೆ ಮಾಡಿದ 'ಸಾಗರ್ ಸಮ್ರಾಟ್' ಜ್ಯಾಕ್-ಅಪ್ ವರ್ಗಕ್ಕೆ ಸೇರಿದ್ದು. ಕೊರೆಯುವ ಯಂತ್ರವಾಗಿದ್ದ ಅದು 2022ರಲ್ಲಿ ಉತ್ಪಾದನಾ ಘಟಕವಾಗಿ ಹೊಸ ಜನ್ಮ ಪಡೆಯಿತು. ಇಂತಹ ಮರುಬಳಕೆ ಸ್ಥಿರ ವೇದಿಕೆಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಬಾಂಬೆ ಹೈನ ಬಹುಪಾಲು ವೇದಿಕೆಗಳು ಕಡಲತಳಕ್ಕೆ ಕಂಬಗಳನ್ನು ಹೊಡೆದು ನಿಲ್ಲಿಸಿದ ಉಕ್ಕಿನ ಚೌಕಟ್ಟುಗಳು. ನಾರ್ವೆಯ 'ಟ್ರೋಲ್-ಎ' ವೇದಿಕೆಯಾದರೋ 472 ಮೀಟರ್ ಎತ್ತರದ, ಸ್ವಂತ ಭಾರದಿಂದಲೇ ನಿಂತ ಕಾಂಕ್ರೀಟ್ ರಚನೆ.

ಪರಿಸರದ ಪರಿಣಾಮವೂ ಈ ವಿಂಗಡಣೆಯನ್ನೇ ಅನುಸರಿಸುತ್ತದೆ. ಕೊರೆತದ ಕೆಸರು ಹಾಗೂ ತೈಲದೊಡನೆ ಮೇಲೆ ಬರುವ ಲವಣಯುಕ್ತ ನೀರು ಎಲ್ಲ ವರ್ಗಗಳಿಗೂ ಸಮಾನವಾದ ಸಮಸ್ಯೆ. ಆದರೆ ದಶಕಗಳ ಕಾಲ ಒಂದೇ ಕಡೆ ನಿಂತ ವೇದಿಕೆಯ ಬುಡದಲ್ಲಿ ಕೆಸರು ದಿಬ್ಬವಾಗಿ ಶೇಖರವಾಗುತ್ತದೆ. ಅದೇ ವೇದಿಕೆಯ ಕಾಲುಗಳಿಗೆ ಚಿಪ್ಪುಜೀವಿಗಳೂ ಹವಳಗಳೂ ಅಂಟಿ, ಮೀನುಗಳು ನೆಲೆಗೊಳ್ಳುವುದೂ ಉಂಟು. ಈ ಕಾರಣದಿಂದಲೇ ಮೆಕ್ಸಿಕೋ ಕೊಲ್ಲಿಯಲ್ಲಿ ನೂರಾರು ಹಳೆಯ ವೇದಿಕೆಗಳನ್ನು ಕೃತಕ ಬಂಡೆಸಾಲುಗಳಾಗಿ ಬಿಡಲಾಗಿದೆ. ತೆರವಿನ ವೆಚ್ಚ ಉಳಿಸಿಕೊಳ್ಳುವ ಕಂಪನಿಗಳಿಗೆ ಈ ವಾದ ಪ್ರಿಯವಾಗಿರುವುದು ಸಹಜವೇ!

ಉತ್ತರ ಸಮುದ್ರದಲ್ಲಿ ಈ ವಾದ ನಡೆಯಲಿಲ್ಲ. 1995ರಲ್ಲಿ ಶೆಲ್ ಕಂಪನಿಯು 'ಬ್ರೆಂಟ್ ಸ್ಪಾರ್' ಎಂಬ ತೇಲುವ ತೈಲ ಸಂಗ್ರಹಾಗಾರವನ್ನು ಆಳಸಮುದ್ರದಲ್ಲಿ ಮುಳುಗಿಸಲು ಹೊರಟಿತು. ಗ್ರೀನ್‌ಪೀಸ್ ಪ್ರತಿಭಟನೆ ಹಾಗೂ ಯುರೋಪಿನ ಗ್ರಾಹಕರ ಬಹಿಷ್ಕಾರದ ಎದುರು ಯೋಜನೆಯನ್ನೇ ಕೈಬಿಟ್ಟಿತು. ಅದರೊಳಗೆ ಉಳಿದಿದ್ದ ತೈಲದ ಬಗ್ಗೆ ತಾನು ಹೇಳಿದ್ದ ಅಂದಾಜು ತಪ್ಪೆಂದು ಗ್ರೀನ್‌ಪೀಸ್ ಬಳಿಕ ಕ್ಷಮೆ ಯಾಚಿಸಿತಾದರೂ ನಿರ್ಧಾರ ಬದಲಾಗಲಿಲ್ಲ. ಅದರ ಭಾಗಗಳು ನಾರ್ವೆಯ ಹಡಗುಕಟ್ಟೆಯೊಂದರ ತಳಪಾಯವಾದವು. 1998ರಲ್ಲಿ ಆಸ್ಪಾರ್ ಒಪ್ಪಂದದ ರಾಷ್ಟ್ರಗಳು ಬಳಕೆ ಮುಗಿದ ರಚನೆಗಳನ್ನು ಸಮುದ್ರದಲ್ಲಿ ಬಿಡುವುದನ್ನೇ ನಿಷೇಧಿಸಿದವು. ಹತ್ತು ಸಾವಿರ ಟನ್ನಿಗಿಂತ ಭಾರವಾದ ಹಳೆಯ ಉಕ್ಕಿನ ಚೌಕಟ್ಟುಗಳ ಬುಡ ಹಾಗೂ ಕಾಂಕ್ರೀಟ್ ರಚನೆಗಳಿಗೆ ಮಾತ್ರ ವಿನಾಯಿತಿ ಕೋರಬಹುದು. ಬ್ರೆಂಟ್ ಕ್ಷೇತ್ರದ ಕಾಂಕ್ರೀಟ್ ಕಾಲುಗಳನ್ನು ಹಾಗೆಯೇ ಬಿಡುವ ಪ್ರಸ್ತಾಪಕ್ಕೆ, ಅವುಗಳೊಳಗಿನ ತೈಲಮಿಶ್ರಿತ ಕೆಸರಿನ ಕಾರಣ, 2019ರಲ್ಲಿ ಜರ್ಮನಿ ಆಕ್ಷೇಪಿಸಿತು.

ಹೀಗೆ ವರ್ಗ ಬದಲಾದಂತೆ ಹೊಣೆಯ ಮೊತ್ತವೂ ಬದಲಾಗುತ್ತದೆ. ತೆರವಿನ ಹೊಣೆ ಹುಟ್ಟುವುದು ವೇದಿಕೆಯನ್ನು ನಿಲ್ಲಿಸಿದ ದಿನವೇ, ಕಿತ್ತುಹಾಕುವ ದಿನವಲ್ಲ. ಇಂಡ್ ಎಎಸ್ 37ರ ಪ್ರಕಾರ ಭವಿಷ್ಯದ ಆ ವೆಚ್ಚವನ್ನು ಇಂದಿನ ಮೌಲ್ಯಕ್ಕಿಳಿಸಿ ಹೊಣೆಯಾಗಿ ತೋರಿಸಬೇಕು. ಇಂಡ್ ಎಎಸ್ 16ರಂತೆ ಅಷ್ಟೇ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ವರ್ಷವರ್ಷ ಸವಕಳಿ ಬರೆಯಬೇಕು. ತೈಲೋದ್ಯಮಕ್ಕಾಗಿ 1961ರ ಆದಾಯ ತೆರಿಗೆ ಕಾಯ್ದೆಗೆ 33ಎಬಿಎ ಕಲಮನ್ನು ಸೇರಿಸಿ, ಸ್ಥಳ ಪುನಃಸ್ಥಾಪನೆಗಾಗಿ ಇಟ್ಟ ಠೇವಣಿಗೆ ಮಿತಿಗೊಳಪಟ್ಟ ಕಡಿತವನ್ನೂ ನೀಡಲಾಗಿತ್ತು.

ಇದು ದೊಡ್ಡ ಕಂಪನಿಗಳ ಮಾತೆಂದು ನಮ್ಮ ಸದಸ್ಯರು ಪುಟ ತಿರುವಬೇಕಿಲ್ಲ. ಗುತ್ತಿಗೆ ನಿವೇಶನದಲ್ಲಿ ಷೆಡ್ಡು ಕಟ್ಟಿ, ಅವಧಿ ಮುಗಿದಾಗ ನೆಲವನ್ನು ಮೊದಲಿನಂತೆ ಮಾಡಿಕೊಡುವುದಾಗಿ ಸಹಿ ಹಾಕಿದವರ ಹೊಣೆಯೂ ಇದೇ ಜಾತಿಯದು. ಇಂಡ್ ಎಎಸ್ ಅನ್ವಯಿಸದ ಕಂಪನಿಗಳಿಗೆ ಎಎಸ್ 29 ಇದೆ. ಈ ವರ್ಷದ ಲೆಕ್ಕ ಮುಗಿಸುವ ಮುನ್ನ ಗುತ್ತಿಗೆ ಪತ್ರದ ತೆರವಿನ ಷರತ್ತನ್ನು ತಮ್ಮ ಲೆಕ್ಕ ಪರಿಶೋಧಕರ ಮುಂದಿಡುವುದು ಒಳಿತು.