ವಿಕಿರಣ ಸಂಸ್ಕರಿಸಿದ ದಿನಸಿ: ಹೆದರಬೇಡಿ, ಲೇಬಲ್ ಓದುವುದನ್ನೂ ಬಿಡಬೇಡಿ



ಈಚೆಗೆ ಬಸದಿಯಲ್ಲಿ ಸಿಕ್ಕ ತಾಯಿಯೊಬ್ಬರು ಕಾಳುಮೆಣಸಿನ ಪೊಟ್ಟಣ ತೋರಿಸಿ, "ಅಣ್ಣಾ, ಇದರ ಮೇಲೆ ರೇಡಿಯೇಶನ್ ಅಂತ ಬರೆದಿದೆ. ಅಡುಗೆಗೆ ಹಾಕಬಹುದಾ, ಎಸೆಯಬೇಕಾ?" ಎಂದು ಕೇಳಿದರು. ಬಹಳ ವರ್ಷ ದಿನಸಿ ವ್ಯಾಪಾರ ಮಾಡಿದವನು ನಾನು. ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಇದು ಏನು?

ಕೋಬಾಲ್ಟ್-60 ಎಂಬ ಲೋಹದಿಂದ ಬರುವ ಗಾಮಾ ಕಿರಣವನ್ನು, ಇಲ್ಲವೇ ಎಕ್ಸ್-ರೇ ಅಥವಾ ಎಲೆಕ್ಟ್ರಾನ್ ಕಿರಣವನ್ನು ಆಹಾರದ ಮೂಲಕ ಹಾಯಿಸುತ್ತಾರೆ. ಕೋಬಾಲ್ಟ್ ಆಹಾರವನ್ನು ಮುಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿಕೊಂಡವರ ಮೈಯಲ್ಲಿ ಕಿರಣ ಉಳಿಯುವುದಿಲ್ಲವಲ್ಲ, ಹಾಗೆಯೇ ಆಹಾರದಲ್ಲೂ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ 1994ರಲ್ಲಿ ಈರುಳ್ಳಿ, ಆಲೂಗಡ್ಡೆ, ಮಸಾಲೆಗಳಿಗೆ ಅನುಮತಿ ಸಿಕ್ಕಿತು. 2007ರಲ್ಲಿ ನಾಸಿಕ್ ಬಳಿಯ ಲಾಸಲ್‌ಗಾಂವ್ ಘಟಕದಲ್ಲಿ ಸಂಸ್ಕರಿಸಿದ ಮಾವು ಅಮೆರಿಕಕ್ಕೆ ಹೋಯಿತು. ನಮ್ಮ ಮಾಲೂರಿನಲ್ಲೂ ಇಂಥ ಘಟಕವಿದೆ.

ಸುರಕ್ಷಿತವೇ?

ಕಿರಣದ ಪ್ರಮಾಣವನ್ನು ಕಿಲೋಗ್ರೇ ಲೆಕ್ಕದಲ್ಲಿ ಹೇಳುತ್ತಾರೆ. ಗೆಡ್ಡೆ ಮೊಳೆಯದಿರಲು 0.2ರವರೆಗೆ, ಬೇಳೆಕಾಳಿನ ಹುಳುವಿಗೆ 0.25ರಿಂದ 1, ಮಸಾಲೆಯ ರೋಗಾಣುವಿಗೆ 6ರಿಂದ 14. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿ 10 ಕಿಲೋಗ್ರೇವರೆಗೆ ಅಪಾಯವಿಲ್ಲವೆಂದು 1980ರಲ್ಲೇ ಹೇಳಿತು. 1997ರಲ್ಲಿ ಸೇರಿದ ತಜ್ಞರು ಅದಕ್ಕೂ ಹೆಚ್ಚಿನ ಪ್ರಮಾಣಕ್ಕೆ ಅದೇ ಮಾತು ಹೇಳಿದರು. ಬಿ1ನಂಥ ಕೆಲವು ಜೀವಸತ್ವ ಸ್ವಲ್ಪ ಕಡಿಮೆಯಾಗುತ್ತದೆ, ಬೇಯಿಸಿದಾಗಲೂ ಆಗುತ್ತದೆ.

ಏನನ್ನು ಮಾಡುವುದಿಲ್ಲ?

ಕೀಟನಾಶಕದ ಉಳಿಕೆಯನ್ನು ಇದು ತೆಗೆಯುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯ ವಿಷ ಹೋಗುವುದಿಲ್ಲ. ಸತ್ತ ಹುಳು ಕಾಳಿನಲ್ಲೇ ಇರುತ್ತದೆ. ಪೊಟ್ಟಣ ಒಡೆದ ಮೇಲೆ ಹೊಸ ಹುಳುವೂ ಬರಬಹುದು. ಆದ್ದರಿಂದ ಜರಡಿ ಹಿಡಿಯುವುದು, ಆರಿಸುವುದು ತಪ್ಪದು. ಹುಳು ಸಾಯುತ್ತದಲ್ಲ ಎಂದು ಮನಸ್ಸು ನೋಯುವವರೂ ಇದ್ದಾರೆ. ಗೋದಾಮಿನಲ್ಲಿ ಔಷಧದ ಹೊಗೆ ಕೊಟ್ಟರೂ ಹುಳು ಸಾಯುತ್ತದೆ, ಅದು ಯಾವ ಚೀಟಿಯಲ್ಲೂ ಕಾಣುವುದಿಲ್ಲ. ಯಾವುದು ಬೇಕೆಂಬುದು ಅವರವರ ನಿಯಮಕ್ಕೆ ಬಿಟ್ಟದ್ದು. ಆದರೆ ತಿಳಿದು ಆರಿಸಿಕೊಳ್ಳುವ ಹಕ್ಕು ನಮಗಿರಬೇಕು.

ಲೇಬಲ್ ಓದುವುದು ಹೇಗೆ?

ವಿಕಿರಣದಿಂದ ಸಂಸ್ಕರಿಸಿದ್ದು ಎಂಬ ಮಾತು, ದಿನಾಂಕ, ಪರವಾನಗಿ ಸಂಖ್ಯೆ, ಉದ್ದೇಶ ಇವನ್ನು ನೋಡಿ. ಜೊತೆಗೆ 'ರಾಡುರಾ' ಎಂಬ ಹಸಿರು ಗುರುತಿರುತ್ತದೆ: ಮೇಲರ್ಧ ತುಂಡುತುಂಡಾದ ವೃತ್ತ, ಒಳಗೆ ಎರಡು ಎಲೆ, ಅದರ ಮೇಲೊಂದು ಚುಕ್ಕೆ. ಇದನ್ನು ಸಸ್ಯಾಹಾರದ ಗುರುತೆಂದು ತಿಳಿಯಬೇಡಿ. ಸಸ್ಯಾಹಾರದ್ದು ಚೌಕದೊಳಗಿನ ಹಸಿರು ಚುಕ್ಕೆ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ.

ನಿಜವಾದ ತೊಡಕು ಬಿಡಿ ಮಾರಾಟದಲ್ಲಿದೆ. ಮೂಟೆಯ ಮೇಲಿದ್ದ ಚೀಟಿ ಕಾಲು ಕಿಲೋ ಕಟ್ಟಿಕೊಟ್ಟ ಪೊಟ್ಟಣಕ್ಕೆ ಬರುವುದಿಲ್ಲ. ಅಂಗಡಿಯವರನ್ನು ಕೇಳಿ, ಮೂಟೆಯ ಚೀಟಿ ತೋರಿಸಲು ಹೇಳಿ. ವ್ಯಾಪಾರಿ ಬಂಧುಗಳಲ್ಲೂ ಒಂದು ವಿನಂತಿ: ಗಿರಾಕಿ ಕೇಳಿದರೆ ಬೇಸರಿಸಬೇಡಿ, ಮೂಟೆ ಖಾಲಿಯಾಗುವವರೆಗೆ ಆ ಚೀಟಿಯನ್ನು ಹರಿಯಬೇಡಿ.

ಆ ತಾಯಿಯ ಪೊಟ್ಟಣದಲ್ಲಿ ಎಲ್ಲ ವಿವರವೂ ಇತ್ತು. ಎಸೆಯಬೇಡಿ ತಾಯಿ, ಆರಿಸಿ ಬಳಸಿ ಎಂದೆ.