ಸೌಧದೊಳಗಿನ ಸುಣ್ಣ

ದಿನಾ 'ವಿಧಾನಸೌಧ' ಅಂತೀವಲ್ಲ, ಆ 'ಸೌಧ' ಅನ್ನೋ ಮಾತು ಬಂದಿದ್ದು 'ಸುಧಾ'ದಿಂದ. ಸುಧೆ ಅಂದ್ರೆ ಅಮೃತ, ಹೌದು. ಸುಣ್ಣದ ಗಾರೆಗೂ ಅದೇ ಹೆಸರು! ಗಾರೆ ಬಳಿದು ಬೆಳ್ಳಗೆ ಹೊಳೆಯೋ ಮನೆಯೇ ಸೌಧ. ನಮ್ಮ ಹಿರಿಯರ ಬಾಯಲ್ಲಿ ಆ ಸುಧೆಯೇ ಗಾರೆ, ಗಚ್ಚು.

ಆ ಗಾರೆಯ ಕೆಲಸ ನೋಡಬೇಕಾದ್ರೆ ಹಂಪಿಯ ಕೃಷ್ಣ ದೇವಸ್ಥಾನಕ್ಕೆ ಹೋಗಿ, ತಲೆಯೆತ್ತಿ ಗೋಪುರ ನೋಡಿ. ಉದಯಗಿರಿ ಕೋಟೆ ಗೆದ್ದ ಕೃಷ್ಣದೇವರಾಯ ಕಟ್ಟಿಸಿದ ಗುಡಿ. 1515ರಲ್ಲಿ ಬಾಲಕೃಷ್ಣನ ಪ್ರತಿಷ್ಠೆ ಆಯ್ತು. ಗೋಪುರದಲ್ಲಿ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ, ಆ ಇಟ್ಟಿಗೆ ಮೇಲೆ ಗಾರೆಯ ಸೈನಿಕರು. ಕೈಯಲ್ಲಿ ಗುರಾಣಿ! ಶಿಲ್ಪ ಮಾಡೋಕೆ ಕಲ್ಲನ್ನಾದ್ರೆ ಕೆತ್ತಿ ತೆಗೀಬೇಕು. ಗಾರೆಯನ್ನು ಹಸಿ ಇರುವಾಗಲೇ ಮೆತ್ತಿ, ತಿದ್ದಿ ರೂಪ ಕೊಡಬೇಕು. ಆಮೇಲೆ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ತಾ ನಿಧಾನವಾಗಿ ಮತ್ತೆ ಸುಣ್ಣದಕಲ್ಲಾಗುತ್ತೆ. ಈ ಗೋಪುರದಲ್ಲಿ ಅಲ್ಲಲ್ಲಿ ಗಾರೆ ಉದುರಿ ಇಟ್ಟಿಗೆ ಕಾಣುತ್ತೆ, ನೋಡಿದ್ರೆ ಸಂಕಟ ಆಗುತ್ತೆ.